ಸುಮಾರಪ್ಪನ ಜೊತೆ ಒಂದು ಚಹಾ

ಅಣುಬಾಂಬಿನ ಸುದ್ದಿ ಬಂದಾಗಲೆಲ್ಲ ಅಂಕಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಶಬ್ದವೊಂದಿದೆ: ‘ಸುಮಾರು’. ತಂಗಡಗಿಯ ನೀಲಮ್ಮನ ಗುಡಿಗೆ ಬಂದಿದ್ದ ಆ ಸುಮಾರಪ್ಪನನ್ನು ಹೊಳೆದಂಡೆಯಲ್ಲಿ ಹಿಡಿದು ಕೂರಿಸಿ, ಕೈಗೆ ಚಹಾ ಕೊಟ್ಟೆ.

ನಾನು: ಹೆಂಗದೀರಿ?

ಸುಮಾರು: ಸುಮಾರ್ ಅದೀನ್ರೀ. ಹೆಸರೂ ಅದs, ಹಾಲತ್ತೂ ಅದs.

ನಾನು: ನಮ್ಮ ದೇಶದ ಹತ್ರ ಅಣುಬಾಂಬು ಎಷ್ಟು?

ಸುಮಾರು: ನನ್ನ ಬೆನ್ನಿಗೆ 180 ಅಂತ ಕಟ್ಯಾರ. 2025ರ ಜನವರಿ ಲೆಕ್ಕ.

ನಾನು: ಕಟ್ಟಿದವರು ದಿಲ್ಲಿಯವರಾ?

ಸುಮಾರು: ದಿಲ್ಲಿಯವರು ಬಾಯಿ ಬಿಡತಾರೇನ್ರೀ? ಸ್ವೀಡನ್‌ದಾಗ ಸಿಪ್ರಿ ಅಂತ ಸಂಸ್ಥೆ ಐತಿ, ಅವರು.

ನಾನು: ಅಲ್ಲಿ ಕೂತು ಹೆಂಗ ಎಣಿಸತಾರ?

ಸುಮಾರು: ನಿಮ್ಮೂರಾಗ ಬಾಜೂ ಹೊಲದವನ ಜ್ವಾಳ ಹೆಂಗ ಎಣಿಸತೀರಿ? ಚೀಲ ಬಿಚ್ಚತೀರೇನು? ಎಷ್ಟ ಎಕರೆ ಬಿತ್ತಿದಾ, ಮಳಿ ಹೆಂಗಾತು, ಕಣಕ್ಕ ಎಷ್ಟ ಬಂಡಿ ಬಂತು... ಇದೂ ಹಂಗs. ಟ್ರಾಂಬೆಯಾಗ ಸೈರಸ್ ರಿಯಾಕ್ಟರ್ 1960ರಿಂದ 2010ರ ತನಕ ನಡೀತು. 1985ರಿಂದ ಧ್ರುವ ನಡದೈತಿ. ಅವು ಎಷ್ಟು ಪ್ಲುಟೋನಿಯಂ ಕೊಟ್ಟಿರಬೇಕು, ಒಂದು ಬಾಂಬಿಗೆ ಎಷ್ಟು ಕಿಲೋ ಬೇಕು, ಭಾಗಿಸ್ರಿ. ಹೊರೂ ವಿಮಾನ, ಅಗ್ನಿ ಕ್ಷಿಪಣಿ, ಅರಿಹಂತ್ ಜಲಾಂತರ್ಗಾಮಿ ಕಣ್ಣಿಗೆ ಬಿದ್ದಷ್ಟು ಎಣಿಸ್ರಿ. ಹೊಂದಲಾರದ್ದಕ್ಕ ನಾ ಅದೀನಿ.

ನಾನು: ಪಾಕಿಸ್ತಾನದಲ್ಲಿ?

ಸುಮಾರು: ನಾನs, 170 ಹೊತ್ಕೊಂಡು. ಚೀನಾಕ್ಕ 600 ಹೊತ್ತೀನಿ. ವೀಸಾ ಯಾರೂ ಕೇಳೂದಿಲ್ಲ.

ನಾನು: ಎರಡೂ ದೇಶ ಪ್ರತಿ ಜನವರಿ 1ಕ್ಕೆ ಪಟ್ಟಿ ಕೊಟ್ಟು ತಗೊಳ್ಳುತ್ತವಲ್ಲ?

ಸುಮಾರು: 1992ರಿಂದ ತಪ್ಪಿಲ್ಲ. ಅದು ಅಣು ಸ್ಥಾವರಗಳ ಪಟ್ಟಿ, ಅವುಗಳ ಮ್ಯಾಲ ದಾಳಿ ಮಾಡಬಾರದು ಅಂತ. ಮನಿ ಎಲ್ಲಿ ಅಂತ ವೈರಿಗೆ ಹೇಳತಾರ, ಹಗೇವಿನಾಗ ಎಷ್ಟೈತಿ ಹೇಳೂದಿಲ್ಲ. ನಿಮಗಂತೂ ಆ ಪಟ್ಟೀನೂ ತೋರಸೂದಿಲ್ಲ.

(ನನಗೆ ಸಿಟ್ಟು ಬಂತು. ಎದುರಿಗಿದ್ದ ಕೃಷ್ಣೆಯನ್ನು ತೋರಿಸಿದೆ.)

ನಾನು: ಆಲಮಟ್ಟಿ ಡ್ಯಾಮಿನ ನೀರು ನೋಡ್ರಿ. 519.60 ಮೀಟರಿಗೆ ನಿಂತಿದೆ, 524.256ಕ್ಕೆ ಏರಿಸಬೇಕು ಅಂತ ಎಷ್ಟು ವರ್ಷದ ಜಗಳ! ನೀರಿಗೆ ಮಿಲಿಮೀಟರ್ ಲೆಕ್ಕ, ಬಾಂಬಿಗೆ ನೀವಾ?

ಸುಮಾರು: ನೀರು ಕುಡಿಯೂದೈತ್ರೀ, ಹಂಚಬೇಕಾಗತದ. ಬಾಂಬು ಹಂಚೂದಿಲ್ಲ. ಅದಕ್ಕ ಲೆಕ್ಕ ಸಿಕ್ರs ತ್ರಾಸು. ಕಡಿಮಿ ಅಂದ್ರ ವೈರಿ ನಗತಾನ, ಹೆಚ್ಚಂದ್ರ ಅವನೂ ಹೆಚ್ಚು ಮಾಡತಾನ. ನಾ ಇದ್ರ ಇಬ್ಬರಿಗೂ ನಿದ್ದಿ.

ಚಹಾದ ಗ್ಲಾಸು ಕೆಳಗಿಟ್ಟು ಅವಸರದಿಂದ ಎದ್ದ.

ನಾನು: ಎಲ್ಲಿಗೆ?

ಸುಮಾರು: ತೊಗರಿ ಹಾನಿ ಬರಕೊಳ್ಳಾಕ ಊರಿಗೆ ತಲಾಟಿ ಬಂದಾನ. ರೈತರು ನನ್ನ ಕರಕೊಂಡು ಹೋಗಿದ್ರು, ಹೊರಗ ಹಾಕಿದಾ. ಅಲ್ಲಿ ಎಕರೆ, ಗುಂಟೆ, ಪಹಣಿ, ಫೋಟೋ ಎಲ್ಲ ಕರೆಕ್ಟ್ ಬೇಕಂತ. ಇನ್ನೊಮ್ಮೆ ಕೇಳಿ ನೋಡತೀನಿ.