ಕೆಡದ ಡಬ್ಬಿಯ ಕಷ್ಟ

ಮನೆಯಲ್ಲಿ ಮಿಕ್ಸಿ ಸುಟ್ಟುಹೋದರೆ ಸಂಜೆಯೊಳಗೆ ಹೊಸದು ಬರುತ್ತದೆ. ಗೀಸರ್ ಕೈಕೊಟ್ಟರೆ ಮರುದಿನ ಸ್ನಾನದ ಹೊತ್ತಿಗೆ ಇನ್ನೊಂದು ಗೋಡೆ ಹತ್ತಿರುತ್ತದೆ. ಇದಕ್ಕೆಲ್ಲ ಯಾರೂ ರಾತ್ರಿ ಎದ್ದು ಕೂತು ಯೋಚಿಸುವುದಿಲ್ಲ. ಗಂಡಸರ ನಿದ್ದೆ ಕೆಡುವುದು ವಸ್ತು ಸರಿಯಾಗಿ ಕೆಲಸ ಮಾಡುತ್ತಿರುವಾಗ.

ನಮ್ಮ ಭಾವನ ಹೋಮ್ ಥಿಯೇಟರ್ ರಿಸೀವರ್ 2012ರದ್ದು. ಇವತ್ತಿಗೂ ಗುಂಡುಕಲ್ಲಿನ ಹಾಗಿದೆ. ಗುಂಡಿ ಒತ್ತಿದರೆ ಒಳಗೆ ರಿಲೇ ‘ಟಕ್’ ಅನ್ನುತ್ತದೆ, ನೀಲಿ ಅಕ್ಷರ ಬೆಳಗುತ್ತದೆ, ಐದು ಸ್ಪೀಕರೂ ಒಂದು ಸಬ್‌ವೂಫರೂ ಸರ್ಕಾರಿ ನೌಕರರಿಗಿಂತ ಬೇಗ ಕೆಲಸಕ್ಕೆ ಹಾಜರಾಗುತ್ತವೆ. ಭಾವನ ಕೊರಗು ಅದೇ. ಮೊನ್ನೆ ಕಾಫಿ ಹೀರುತ್ತಾ ಡಬ್ಬಿಯ ಕಡೆ ನೋಡಿ ನಿಟ್ಟುಸಿರುಬಿಟ್ಟರು. “ಹಾಳಾದ್ದು, ಹಾಳಾಗ್ತಾನೇ ಇಲ್ಲ ಕಣಯ್ಯ!”

ಈ ಡಬ್ಬಿಯ ಪರಿಚಯವಿಲ್ಲದ ಪುಣ್ಯವಂತರಿಗೆ ಎರಡು ಮಾತು. ಟಿವಿಯ ಕೆಳಗೆ ಕಪ್ಪಗೆ, ಹತ್ತು ಕಿಲೋ ತೂಗುತ್ತಾ ಕೂತಿರುತ್ತದೆ. ಸೆಟ್‌ಟಾಪ್ ಬಾಕ್ಸು, ಬ್ಲೂ-ರೇ ಪ್ಲೇಯರು, ಮಕ್ಕಳ ಆಟದ ಪೆಟ್ಟಿಗೆ ಎಲ್ಲದರ ವೈರೂ ಅದರ ಬೆನ್ನಿಗೆ ಹೋಗಿ ಸೇರುತ್ತದೆ. ಚಿತ್ರವನ್ನು ಟಿವಿಗೆ ದಾಟಿಸಿ, ಡಾಲ್ಬಿಯೋ ಡಿಟಿಎಸ್ಸೋ ಆಗಿ ಗಂಟು ಕಟ್ಟಿಕೊಂಡು ಬಂದ ಸದ್ದನ್ನು ಬಿಚ್ಚಿ, ಇದು ಎಡಕ್ಕೆ, ಇದು ಬಲಕ್ಕೆ, ಇದು ಬೆನ್ನ ಹಿಂದಕ್ಕೆ ಅಂತ ಪಾಲುಮಾಡಿ, ಬಲ ತುಂಬಿ ಸ್ಪೀಕರುಗಳಿಗೆ ಅಟ್ಟುವುದು ಅದರ ಕಸುಬು. ಒಳಗೊಂದು ರೇಡಿಯೋ ಕೂಡ ಇರುತ್ತದೆ. ಅಕ್ಕನಿಗೆ ಇಡೀ ಯಂತ್ರದಲ್ಲಿ ಬೇಕಾಗಿರುವುದು ಅದೊಂದೇ: 102.9, ವಿವಿಧ ಭಾರತಿ. ಡಬ್ಬಿಯ ನೆತ್ತಿಯ ಮೇಲೆ ಅವಳು ಹೆಣೆದ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಚನ್ನಪಟ್ಟಣದ ಗಂಡ-ಹೆಂಡತಿ ಗೊಂಬೆ. ಭಾವ ದಿನವೂ ಬಟ್ಟೆ ತೆಗೆಯುತ್ತಾರೆ, ಅಕ್ಕ ದಿನವೂ ಹೊದಿಸುತ್ತಾಳೆ. “ಅದು ಉಸಿರಾಡಬೇಕು ಕಣೇ” ಅಂತ ಇವರು. “ಉಸಿರಾಡಿದ್ರೆ ಧೂಳು ಕುಡಿಯತ್ತೆ ಅಷ್ಟೇ” ಅಂತ ಅವಳು. ಈ ಒಂದು ವಿಷಯದಲ್ಲಿ ಮಾತ್ರ ನಾನು ಭಾವನ ಪಕ್ಷ. ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೋಗದಿದ್ದರೆ ಒಳಗಿನ ಕೆಪಾಸಿಟರುಗಳು ಒಣಗಿ ಡಬ್ಬಿಯ ಆಯಸ್ಸು ತಗ್ಗುತ್ತದೆ. ಕಿಂಡಿ ಪೂರ್ತಿ ತೆರೆದಿಟ್ಟರೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಹಲ್ಲಿ ಒಳಗೆ ಸಂಸಾರ ಹೂಡುತ್ತದೆ, ಅದು ಬೇರೆ ಮಾತು.

ಹೊಸ ಡಬ್ಬಿಗೆ ಭಾವ ಕೊಟ್ಟ ಮೊದಲನೆಯ ಕಾರಣ ವಾಟ್. “ನಂದು 80 ವಾಟ್. ಹೊಸದು 100. ಇಪ್ಪತ್ತು ವಾಟ್ ಜಾಸ್ತಿ ಅಂದ್ರೆ ಸುಮ್ನೇನಾ?”

ಸುಮ್ಮನೆಯೇ. ಕಿವಿ ಲೆಕ್ಕ ಹಾಕುವ ರೀತಿ ಕಿರಾಣಿ ಅಂಗಡಿಯ ತಕ್ಕಡಿಯದಲ್ಲ. ವಾಟ್ ಎರಡರಷ್ಟಾದರೆ ಏರುವ ಸದ್ದು ಬರೀ 3 ಡೆಸಿಬೆಲ್. ಕಿವಿಗೆ ‘ಈಗ ಎರಡರಷ್ಟು ಗಟ್ಟಿಯಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. 80ರಿಂದ 100ಕ್ಕೆ ಹಾರಿದರೆ ಸಿಗುವುದು 1 ಡೆಸಿಬೆಲ್‌ಗೂ ಕೂದಲೆಳೆಯಷ್ಟು ಕಡಿಮೆ. ಮನುಷ್ಯನ ಕಿವಿ ವ್ಯತ್ಯಾಸ ಹಿಡಿದರೂ ಹಿಡಿಯಬಹುದು, ಬಿಟ್ಟರೂ ಬಿಡಬಹುದು ಅನ್ನುವ ಅಂಚು ಅದು. ಅದಕ್ಕೆ ಎಪ್ಪತ್ತು ಎಂಬತ್ತು ಸಾವಿರ ಸುರಿಯುವ ಬದಲು ಸೋಫಾವನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡು ಕೂತರಾಯಿತು.

ಇನ್ನೊಂದು ತಮಾಷೆ ಇದೆ. ಈ ಡಬ್ಬಿಗಳು ವಾಲ್ಯೂಮನ್ನು ಮೈನಸ್‌ನಲ್ಲಿ ತೋರಿಸುತ್ತವೆ. ಸೊನ್ನೆ ಅಂದರೆ ಸಿನಿಮಾ ಮಂದಿರಕ್ಕೆ ಗೊತ್ತುಮಾಡಿದ ಗಟ್ಟಿತನ. ಬಾಂಬು ಸಿಡಿದರೆ ಒಂದೊಂದು ಸ್ಪೀಕರಿನಿಂದಲೂ 105 ಡೆಸಿಬೆಲ್ ಹೊಮ್ಮಬೇಕು. ಭಾವ ಕೇಳುವುದು ಮೈನಸ್ 30ರಲ್ಲಿ. ಹತ್ತು ಡೆಸಿಬೆಲ್ ಕೆಳಗಿಳಿದರೆ ಬೇಕಾಗುವ ಶಕ್ತಿ ಹತ್ತನೇ ಒಂದು. ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲು. ಅಂದರೆ ಆ 80 ವಾಟಿನಲ್ಲಿ ಇವರು ಇಷ್ಟು ವರ್ಷ ಒಂದು ವಾಟನ್ನೂ ಪೂರ್ತಿ ಖರ್ಚುಮಾಡಿದವರಲ್ಲ. ರಾತ್ರಿ ಒಂಬತ್ತಾದ ಮೇಲೆ ಅಕ್ಕನ ಆಡಳಿತ, ಮೈನಸ್ 40. ಈ ಲೆಕ್ಕವನ್ನು ನಾನು ಅವಳಿಗೆ ಬಿಡಿಸಿ ಹೇಳಿದಾಗ ಕೇಳಿದಳು: “ಹಂಗಾದ್ರೆ ಹೊಸದು ತಂದ್ರೂ ಮೈನಸ್ಸಲ್ಲೇ ಇರತ್ತೆ ತಾನೆ?”

ಇರತ್ತೆ ಕಣಕ್ಕ.

ಭಾವ ಸೋಲುವ ಜಾತಿಯಲ್ಲ. ಶೋರೂಮಿಗೆ ಹೋಗಿ ಬಂದರು. ಅಲ್ಲಿ ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಕಾರ್ಪೆಟ್, ಕತ್ತಲೆ, ಕೈಗೊಂದು ಲೋಟ ಬಾದಾಮಿ ಹಾಲು. ಹಳೆಯ ಮಾದರಿಯನ್ನು ಒಂದು ಗಟ್ಟಿತನದಲ್ಲಿ ಕೇಳಿಸಿ, ಹೊಸದನ್ನು ಅದಕ್ಕಿಂತ ಒಂದು ಚೂರು ಜಾಸ್ತಿ ಕೇಳಿಸಿದರೆ ಸಾಕು, ಎಂಥವನಿಗೂ ಹೊಸದೇ ಸೊಗಸು. ಸ್ವಲ್ಪ ಗಟ್ಟಿಯಾದದ್ದನ್ನು ನಮ್ಮ ಕಿವಿ ಗಟ್ಟಿ ಅಂತ ತಿಳಿಯುವುದಿಲ್ಲ, ಚೆನ್ನಾಗಿದೆ ಅಂತ ತಿಳಿಯುತ್ತದೆ. ಇದು ವ್ಯಾಪಾರಿಗಳಿಗೆ ಗೊತ್ತು. ಮದುವೆ ಮನೆಯ ವಾಲಗದವರಿಗೂ ಗೊತ್ತು.

ಶೋರೂಮಿನಿಂದ ಭಾವ ಕಿವಿಯಲ್ಲಿ ತುಂಬಿಕೊಂಡು ಬಂದ ಹೊಸ ಮಂತ್ರ ಆಟ್ಮಾಸ್. ಸದ್ದು ಸುತ್ತಲಿಂದ ಬಂದರೆ ಸಾಲದು, ತಲೆಯ ಮೇಲಿಂದಲೂ ಇಳಿಯಬೇಕು. ವಿಧಿಯಾಟ ನೋಡಿ: ಭಾವ ಇಲ್ಲಿ ದುಡ್ಡು ಎಣಿಸಿಕೊಟ್ಟು ಡಬ್ಬಿ ತಂದ 2012ರಲ್ಲೇ ಅಲ್ಲಿ ಲಾಸ್ ಏಂಜಲೀಸಿನಲ್ಲಿ ಪಿಕ್ಸಾರ್‌ನ ‘ಬ್ರೇವ್’ ಚಿತ್ರದೊಂದಿಗೆ ಡಾಲ್ಬಿ ಆಟ್ಮಾಸ್ ಹುಟ್ಟಿತು. 2014ಕ್ಕೆ ಮನೆಯ ಡಬ್ಬಿಗಳೊಳಕ್ಕೂ ಇಳಿಯಿತು. ಶೋರೂಮಿಗೆ ಹೋಗಿ ಬಂದಾಗಿನಿಂದ ಭಾವನಿಗೆ ತಲೆಯ ಮೇಲೆ ಏನೋ ಕಡಿಮೆಯಾದ ಹಾಗೆ. “ಕಾಂತಾರದ ಆ ಕೂಗು ಸೂರಿನಿಂದ ಇಳೀಬೇಕು ಕಣಯ್ಯ, ಮೈ ಜುಂ ಅನ್ಬೇಕು!”

ಆಸೆ ತಪ್ಪಲ್ಲ. ಆದರೆ ಸೂರು ಒಪ್ಪಬೇಕಲ್ಲ? ಸೂರಿಗೇ ಸ್ಪೀಕರ್ ಕೂರಿಸುವುದಾದರೆ ತೂತು ಕೊರೆಯಬೇಕು. ಅಕ್ಕ ಗೃಹಪ್ರವೇಶಕ್ಕೆ ಮುಂಚೆ ನಿಂತು ಮಾಡಿಸಿದ ಪಿಒಪಿ ಸೀಲಿಂಗು ಅದು, ನಡುವೆ ಕಮಲ, ಸುತ್ತ ಎಲೆಬಳ್ಳಿ. ಕೊರೆಯುವ ಮಾತೆತ್ತಿದವರ ತಲೆಯೇ ಮೊದಲು ತೂತಾಗುತ್ತದೆ. ಕೊರೆಯುವುದು ಬೇಡವೆಂದರೆ ಮೇಲ್ಮುಖವಾಗಿ ಸದ್ದು ಚಿಮ್ಮಿಸುವ ಸ್ಪೀಕರುಗಳಿವೆ. ಸದ್ದು ಸೂರಿಗೆ ಬಡಿದು ಪುಟಿದು ತಲೆಯ ಮೇಲೆ ಬೀಳುತ್ತದೆ. ಅದಕ್ಕೆ ಚಪ್ಪಟೆಯಾದ, ಬೋಳಾದ, ಹೆಚ್ಚು ಎತ್ತರವಿಲ್ಲದ ಸೂರು ಬೇಕು. ಭಾವನ ಹಾಲಿನಲ್ಲಿ ಸದ್ದು ಹೋಗುವ ದಾರಿಯಲ್ಲೇ ಫ್ಯಾನು, ಫ್ಯಾನು ತಪ್ಪಿಸಿದರೆ ಕಮಲ. ಅಪಾರ್ಟ್‌ಮೆಂಟಿನಲ್ಲಿರುವ ನಮ್ಮಂಥವರಿಗಂತೂ ಈ ಖರ್ಚು ಬೇಕೇ ಇಲ್ಲ. ಮೇಲಿನ ಮನೆಯವರು ಬೆಳಿಗ್ಗೆ ಆರಕ್ಕೆ ಕುರ್ಚಿ ಎಳೆಯುತ್ತಾರೆ, ಎಂಟಕ್ಕೆ ಮಗು ಗೋಲಿ ಉರುಳಿಸುತ್ತದೆ, ಭಾನುವಾರ ಗ್ರೈಂಡರ್ ತಿರುಗುತ್ತದೆ. ಎಲ್ಲವೂ ನೇರ ಸೂರಿನಿಂದ, ಪುಕ್ಕಟೆ.

ತಮಾಷೆ ಹಾಗಿರಲಿ, ಭಾವನ ಹತ್ತಿರ ತೂಕದ ವಾದವೊಂದು ಇದ್ದೇ ಇದೆ. ಅದು ಡಬ್ಬಿಯ ಬೆನ್ನಿನ ಎಚ್‌ಡಿಎಂಐ ತೂತುಗಳದ್ದು. ಸದ್ದಿಗೆ ಬಲ ತುಂಬುವ ಆಂಪ್ಲಿಫೈಯರ್ ಮುದಿಯಾಗುವುದು ನಿಧಾನ. ಹಳೆಯದಾಗುವುದು ತೂತು. 2012ರ ಡಬ್ಬಿಯದು 1.4ನೇ ಪೀಳಿಗೆ. 2013ರಲ್ಲಿ 2.0 ಬಂತು, 4ಕೆ ಚಿತ್ರ ಸೆಕೆಂಡಿಗೆ 60 ಚೌಕಟ್ಟಿನ ವೇಗದಲ್ಲಿ ಹರಿಯತೊಡಗಿತು. 2017ರಲ್ಲಿ 2.1 ಬಂತು, ದಾರಿ 18 ಗಿಗಾಬಿಟ್‌ನಿಂದ 48ಕ್ಕೆ ಅಗಲವಾಯಿತು. ಜೊತೆಗೆ ಕಳ್ಳನಕಲು ತಡೆಯುವ ಬೀಗವೂ ಬದಲಾಯಿತು. ಹೊಸ 4ಕೆ ಪ್ಲೇಯರನ್ನು ಹಳೆಯ ಡಬ್ಬಿಯ ಮೂಲಕ ಟಿವಿಗೆ ಕಳಿಸಲು ಹೋದರೆ ಚಿತ್ರ ಕೆಳದರ್ಜೆಗೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ.

“ಈಗೇನಂತೀಯ?” ಭಾವನ ಮೀಸೆಯಲ್ಲಿ ನಗು.

ಏನಿಲ್ಲ ಭಾವ, ವೈರನ್ನು ಡಬ್ಬಿಗೆ ಕೊಡಬೇಡಿ, ನೇರ ಟಿವಿಗೆ ಕೊಡಿ. ಚಿತ್ರ ಟಿವಿಯಲ್ಲೇ ಉಳಿಯಲಿ, ಸದ್ದು ಮಾತ್ರ ಅಲ್ಲಿಂದ ಹಿಂದಕ್ಕೆ ಡಬ್ಬಿಗೆ ಬರಲಿ. ಇದಕ್ಕೆ ಎಆರ್‌ಸಿ ಅನ್ನುವ ಹಿಂದಾರಿ 2009ರಿಂದಲೇ ಇದೆ, ನಿಮ್ಮ ಡಬ್ಬಿಯಲ್ಲೂ ಇದೆ, ತೂತಿನ ತಲೆಯ ಮೇಲೆ ಬರೆದೇ ಇದೆ. ಅದೂ ಬೇಡವೆಂದರೆ ತುದಿಯಲ್ಲಿ ಕೆಂಪಗೆ ಮಿನುಗುವ ಆಪ್ಟಿಕಲ್ ವೈರು, ಕೆಲವು ನೂರು ರೂಪಾಯಿ. ಹಳೆಯ ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಆರಾಮಾಗಿ ಬರುತ್ತದೆ. ಡಿಸ್ಕಿನಲ್ಲಿರುವ, ಏನೂ ಕಳೆದುಕೊಳ್ಳದ ‘ಲಾಸ್‌ಲೆಸ್’ ಭಾರೀ ಸದ್ದು ಈ ದಾರಿಯಲ್ಲಿ ಬರುವುದಿಲ್ಲ, ನಿಜ. ಅದಕ್ಕೆ ಎಆರ್‌ಸಿಯ ಮುಂದಿನ ಪೀಳಿಗೆಯಾದ ಇ-ಎಆರ್‌ಸಿ ಬೇಕು. ಆದರೆ ನೀವು ನೋಡುವುದೆಲ್ಲ ಓಟಿಟಿಯಲ್ಲಿ. ಅಲ್ಲಿಂದ ಆ ಭಾರೀ ಸದ್ದು ಹೊರಡುವುದೇ ಇಲ್ಲ. ನಿಮ್ಮ ಕೊನೆಯ ಬ್ಲೂ-ರೇ ಡಿಸ್ಕಿನ ಮೇಲೆ ಅಕ್ಕ ಕಾಫಿ ಲೋಟ ಇಡುತ್ತಿದ್ದಾಳೆ, ನಾನೇ ನೋಡಿದ್ದೇನೆ.

“ಆದ್ರೂ ಫ್ಯೂಚರ್ ಪ್ರೂಫ್ ಅಂತ ಒಂದಿದೆಯಲ್ಲಯ್ಯ...”

ಭವಿಷ್ಯಕ್ಕೆ ಬೇಲಿ ಹಾಕಿದ ಡಬ್ಬಿಯನ್ನು ನಾನಂತೂ ಕಂಡಿಲ್ಲ. 2020ರಲ್ಲಿ 2.1 ತೂತಿನ ರಿಸೀವರುಗಳು ಮೊದಲ ಬಾರಿಗೆ ಅಂಗಡಿಗೆ ಬಂದಾಗ ಜನ ಅದನ್ನೇ ನಂಬಿ ಕೊಂಡರು. ಹೊಸ ಗೇಮ್ ಪೆಟ್ಟಿಗೆಯಿಂದ 4ಕೆ 120 ಹರ್ಟ್ಜ್ ಚಿತ್ರ ಕೊಟ್ಟರೆ ಪರದೆ ಕಪ್ಪು! ಒಳಗಿನ ಚಿಪ್ಪಿನಲ್ಲೇ ದೋಷ. ಆಮೇಲೆ ಕಂಪನಿಗಳು ಸರಿಪಡಿಸುವುದಕ್ಕೆ ಕೆಲವರಿಗೆ ಪುಟ್ಟ ಡಬ್ಬಿ ಕಳಿಸಿದವು, ಕೆಲವರಿಗೆ ಬೋರ್ಡನ್ನೇ ಬದಲಿಸಿಕೊಟ್ಟವು. ಡಬ್ಬಿಯ ಮಾತು ಬಿಡಿ, ಕಂಪನಿಗಳ ಭವಿಷ್ಯಕ್ಕೇ ಖಾತ್ರಿಯಿಲ್ಲ. ಒಸಾಕಾದ ಓಂಕ್ಯೋದ ಹೋಮ್ ಎಂಟರ್‌ಟೈನ್‌ಮೆಂಟ್ ಕಂಪನಿ 2022ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಹೆಸರು ಬೇರೆಯವರ ಕೈಯಲ್ಲಿ ಬದುಕಿದೆ. ಇಂಥ ಡಬ್ಬಿಗಳನ್ನೇ ಮಾಡುವ ಡೆನಾನ್, ಮರಾಂಟ್ಜ್‌ಗಳ ಒಡೆತನವಿದ್ದ ಸೌಂಡ್ ಯುನೈಟೆಡ್ ಕಂಪನಿಯನ್ನು ಅದೇ 2022ರಲ್ಲಿ ಮಾಸಿಮೋ ಕೊಂಡುಕೊಂಡಿತು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ ಮಾಡುವ ಕಂಪನಿ ಅದು. ಕೊಟ್ಟದ್ದು ನೂರು ಕೋಟಿ ಡಾಲರಿಗೂ ಮೇಲೆ. 2025ರಲ್ಲಿ ಹರ್ಮನ್‌ಗೆ ಮಾರಿದ್ದು 35 ಕೋಟಿ ಡಾಲರಿಗೆ. ಇಡೀ ಕಾರ್ಖಾನೆಯನ್ನೇ ಕೊಂಡವರಿಗೆ ಈ ಗತಿಯಾದರೆ, ಒಂದು ಡಬ್ಬಿ ಕೊಳ್ಳುವ ನಿಮಗೆ ಮರುಮಾರಾಟದಲ್ಲಿ ಏನು ಸಿಗುತ್ತೆ ಭಾವ?

ಈ ನಡುವೆ ನ್ಯೂಜೆರ್ಸಿಯಲ್ಲಿರುವ ಭಾವನ ಅಣ್ಣನ ಮಗ ಫೋನಿನಲ್ಲಿ ಒಂದು ಕಡ್ಡಿ ಗೀರಿದ್ದ. “ಚಿಕ್ಕಪ್ಪ, ಇಲ್ಲಿ ಅಗ್ಗ, ಬರುವಾಗ ತರ್ತೀನಿ.” ತರಲಿ, ಸಂತೋಷ. ಆದರೆ ಅಲ್ಲಿಯ ಕರೆಂಟು 120 ವೋಲ್ಟು, ಇಲ್ಲಿಯದು 230. ನೇರ ಚುಚ್ಚಿದರೆ ಕಾಂತಾರದ ಕೂಗು ಭಾವನ ಬಾಯಿಂದಲೇ ಬರುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬೇಕು, ಅದೂ ಇಡ್ಲಿ ಪಾತ್ರೆಯಷ್ಟು ದಪ್ಪ. ವಾರಂಟಿ ಅಲ್ಲಿಯದು ಇಲ್ಲಿ ನಡೆಯುವುದಿಲ್ಲ, ಕೆಟ್ಟರೆ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯೇ ಗತಿ.

ಹಾಗಾದರೆ ಸದ್ದು ಸುಧಾರಿಸಬಾರದೇ? ಸುಧಾರಿಸಬೇಕು. ಭಾವನ ಹಾಲು ನೋಡಿದವರಿಗೆ ರೋಗ ಎಲ್ಲಿದೆಯೆಂದು ತಕ್ಷಣ ಗೊತ್ತಾಗುತ್ತದೆ. ಕೆಳಗೆ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸು, ಒಂದು ಗೋಡೆಗೆ ಪೂರ್ತಿ ಗಾಜು, ಇನ್ನೊಂದು ಬೋಳು. ಚಪ್ಪಾಳೆ ತಟ್ಟಿದರೆ ಮೂರು ಸಲ ಕೇಳುತ್ತದೆ. ಹಿಂದಿನ ಎರಡು ಸ್ಪೀಕರುಗಳು ಬೀರುವಿನ ಮೇಲೆ ಹಳೆಯ ಸೂಟ್‌ಕೇಸಿಗೆ ಒರಗಿ ಮಲಗಿವೆ. ನಡುವಿನ ಸ್ಪೀಕರಿನ ಮೂತಿಗೆ ಫೋಟೋ ಫ್ರೇಮು ಅಡ್ಡ. ಮಾತು ಕೇಳಿಸುವುದಿಲ್ಲ ಅಂತ ದೂರು ಬೇರೆ! ಫ್ರೇಮು ತೆಗೆದು, ಮೆನುವಿನಲ್ಲಿ ನಡುವಿನ ಸ್ಪೀಕರಿಗೆ ಎರಡು ಮೂರು ಡೆಸಿಬೆಲ್ ಏರಿಸಿ, ಗಾಜಿಗೆ ದಪ್ಪ ಪರದೆ ಎಳೆದು, ನೆಲಕ್ಕೊಂದು ನವಲಗುಂದದ ಜಮಖಾನ ಹಾಸಿದರೆ ಆಗುವ ಬದಲಾವಣೆ ಯಾವ ಹೊಸ ಡಬ್ಬಿಯಿಂದಲೂ ಆಗುವುದಿಲ್ಲ. ಇದನ್ನು ಹೇಳಿದಾಗ ಭಾವನ ಮುಖ ನೋಡಬೇಕಿತ್ತು. ಜಮಖಾನ ಕೊಂಡೆ ಅಂತ ಗೆಳೆಯರ ಮುಂದೆ ಹೇಳಿಕೊಳ್ಳುವುದು ಹೇಗೆ? ಅದಕ್ಕೆ ರಿಮೋಟೂ ಇಲ್ಲ.

ಕೊನೆಗೆ ನನ್ನ ಒತ್ತಾಯಕ್ಕೆ ಡಬ್ಬಿಯ ಜೊತೆ ಬಂದಿದ್ದ ಪುಟ್ಟ ಮೈಕನ್ನು ಹುಡುಕಿ ತೆಗೆದರು. ಅದನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿದರೆ ಡಬ್ಬಿಯೇ ಒಂದೊಂದು ಸ್ಪೀಕರಿನಿಂದ ‘ಪುಯ್ಯ್, ಪುಯ್ಯ್’ ಅಂತ ಸದ್ದು ಹೊರಡಿಸಿ, ಕೋಣೆಯ ಗುಣ ಅಳೆದು ತಾನೇ ಶ್ರುತಿ ಮಾಡಿಕೊಳ್ಳುತ್ತದೆ. ಆ ಹೊತ್ತು ಯಾರೂ ಉಸಿರೆತ್ತಬಾರದು. ಭಾವ ತುಟಿಗೆ ಬೆರಳಿಟ್ಟು ನಿಂತರು. ಮೊದಲ ಪುಯ್ಯ್‌ಗೆ ಕುಕ್ಕರು ಕೂಗಿತು. ಮತ್ತೆ ಶುರುಮಾಡಿದರೆ ಬೀದಿಯಲ್ಲಿ ಟೊಮೆಟೊ ಆಟೋದ ಧ್ವನಿವರ್ಧಕ. ಸುತ್ತಲ ಗಲಾಟೆ ಹೆಚ್ಚಾಯಿತೆಂದು ಡಬ್ಬಿ ಪರದೆಯ ಮೇಲೆ ಬರೆದು ಮುಷ್ಕರ ಹೂಡಿತು. ಅಂತೂ ಮಧ್ಯಾಹ್ನ ಬೀದಿ ಮಲಗಿದ ಮೇಲೆ ಅಳತೆ ಮುಗಿಯಿತು. ಫಲಿತಾಂಶ ನೋಡಿ ಭಾವ ಹಾರಿಬಿದ್ದರು. ಅದರ ಲೆಕ್ಕದಲ್ಲಿ ಸಬ್‌ವೂಫರು ಗೋಡೆ ದಾಟಿ ಪಕ್ಕದ ಮನೆಯವರ ದೇವರ ಕೋಣೆಯಲ್ಲಿತ್ತು. “ಕೆಟ್ಟಿದೆ! ಕೊನೆಗೂ ಕೆಟ್ಟಿದೆ!” ಅಂತ ಕುಣಿದರು. ಕೆಟ್ಟಿರಲಿಲ್ಲ. ಸಬ್‌ವೂಫರಿನ ಒಳಗಿನ ಎಲೆಕ್ಟ್ರಾನಿಕ್ಸು ಸದ್ದನ್ನು ಒಂದು ಗಳಿಗೆ ತಡಮಾಡುತ್ತದೆ. ಆ ತಡವನ್ನೂ ಡಬ್ಬಿ ದೂರವೆಂದೇ ಎಣಿಸುತ್ತದೆ. ಹಾಗೆ ಎಣಿಸುವುದೇ ಸರಿ. ಅದನ್ನು ತಿದ್ದಬಾರದು. ಭಾವನ ಕುಣಿತ ನಿಂತಿತು.

ಅಡಿಗೆಮನೆಯಿಂದ ಅಕ್ಕ ಇಣುಕಿದಳು. “ಏನಂತೆ, ಬದುಕಿದೆಯಂತಾ?”

“ಬದುಕಿದೆ” ಅಂದರು ಭಾವ, ಸೂತಕದ ದನಿಯಲ್ಲಿ.

ನನ್ನ ತೀರ್ಪು ಇಷ್ಟು. ಮನೆಯಲ್ಲಿ 120 ಹರ್ಟ್ಜ್ ಆಟವಾಡುವ ಮಗನಿದ್ದರೆ, ಸೂರು ಕೊರೆಯಲು ಮನೆಯಾಕೆ ಬಾಯಿಬಿಟ್ಟು ಒಪ್ಪಿದ್ದರೆ, ಅಥವಾ ಎಚ್‌ಡಿಎಂಐ ಬೋರ್ಡೇ ಸತ್ತು ರಿಪೇರಿಯವನು ಹೊಸದರ ಅರ್ಧ ಬೆಲೆ ಕೇಳಿದರೆ, ಎರಡನೇ ಯೋಚನೆ ಬೇಡ, ತನ್ನಿ. ಇವ್ಯಾವುದೂ ಇಲ್ಲದೆ ಆಸೆ ಒಂದೇ ಇದ್ದರೆ, ಅದೂ ಕಾರಣವೇ; ಆದರೆ ಅದಕ್ಕೆ ವಾಟ್ ಅಂತ ಹೆಸರಿಡಬೇಡಿ. ಭಾವ ದೀಪಾವಳಿಗೆ ತರುವುದು ಹೇಗೂ ಖಚಿತ, ನನಗೆ ಅವರು ಗೊತ್ತು. ಹಾಗೆ ತರುವವರಲ್ಲಿ ಒಂದು ಅರಿಕೆ: ಹಳೆಯದನ್ನು ಮೂರು ಕಾಸಿಗೆ ಮಾರಬೇಡಿ, ಭಾವಮೈದುನನಿಗೆ ಕೊಡಿ. ಕೊಡುವಾಗ ರಿಮೋಟಿನ ಜೊತೆ ಆ ಪುಟ್ಟ ಮೈಕನ್ನೂ ಮರೆಯದೆ ಕೊಡಿ. ಅದಿಲ್ಲದೆ ಶ್ರುತಿ ಹಿಡಿಸಲು ಆಗುವುದಿಲ್ಲ.