ಅಡ್ಮಿನ್ ಗೌಡ್ರ ದರ್ಬಾರು

(ಚನ್ನಗಿರಿಯ ಒಂದು ಹೋಟೆಲ್ಲು. ಅಡಿಕೆ ಧಾರಣೆಯ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಗೌಡ್ರ ಎದುರು ಉಚ್ಚಾಟಿತ ಸದಸ್ಯ.)

"ಗೌಡ್ರೇ, ನನ್ನ ಯಾಕ್ರೀ ತೆಗೆದ್ರಿ?"

"ನಾನು ಹಾಕಿದ ರಾಶಿ ಅಡಿಕೆ ರೇಟಿಗೆ ಹೆಬ್ಬೆಟ್ಟು ಕೆಳಗೆ ಮಾಡಿದ್ಯಲ್ಲೋ!"

"ಅದು ಹೋದ ವಾರದ ರೇಟು."

"ರೇಟು ಹಳೇದಿರಬೋದು, ಹಾಕಿದೋನು ಅಡ್ಮಿನ್ನು!"

"ಹೊನ್ನಾಳಿಯೋರೂ ಹೆಬ್ಬೆಟ್ಟು ಇಳಿಸಿದ್ರು."

"ತೆಗೆದೆ. ನ್ಯಾಮತಿಯೋರು ಬೇರೆ ತಾಲ್ಲೂಕಾದ್ರೂ ಹೊನ್ನಾಳಿ ಪರ ನಿಂತ್ರು, ಅವರನ್ನೂ ತೆಗೆದೆ. ಜಗಳೂರಿನೋರು ಮೆಕ್ಕೆಜೋಳದ ರೇಟು ಕೇಳಿದ್ರು. ವಿಷಯಾಂತರ!"

"ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲೇ ಕೇರಳ ಹೈಕೋರ್ಟು ಹೇಳೈತಿ, ಹೆದರಬ್ಯಾಡ್ರಿ."

"ಹೆದರಿಕೆ ಯಾರಿಗೋ? 'ಅಡ್ಮಿನ್ ಮಾತ್ರ ಬರೀಬೋದು' ಅಂತ ಸೆಟ್ಟಿಂಗೂ ಮಾಡೀನಿ."

"ಓದೋರು ಯಾರು ಉಳಿದಾರೆ?"

"ನಮ್ಮ ಅಳಿಯ. ನಿನ್ನೆಯಿಂದ ಅವನೂ ಲೈಕ್ ಒತ್ತಿಲ್ಲ. ಒಂದು ಕಣ್ಣಿಟ್ಟೀನಿ."