ಗೋಡೆಗೊಂದು ನವಿಲು, ಮನೆಗೊಂದು ಕತ್ತಲು

ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿದು, ಮೂರನೆಯದನ್ನು ಕೇಳುವ ಧೈರ್ಯ ಇನ್ನೂ ಬಂದಿರದ ಹೊತ್ತಿದೆಯಲ್ಲ, ಅದು ಬಲು ಅಪಾಯದ ಹೊತ್ತು. ಕೈಯಲ್ಲಿ ಖಾಲಿ ಲೋಟ, ಎದುರಿಗೆ ಖಾಲಿ ಗೋಡೆ. ನೋಡುತ್ತಾ ನೋಡುತ್ತಾ ‘ಇದಕ್ಕೇನಾದರೂ ಮಾಡಬೇಕಲ್ಲ’ ಅನ್ನಿಸುವುದು ಆಗಲೇ. ನಿಮಗೂ ಅನ್ನಿಸಿರುತ್ತದೆ, ಸುಳ್ಳು ಹೇಳಬೇಡಿ. ಬುದ್ಧಿವಂತರಾದರೆ ಪೇಪರ್ ಅಡ್ಡ ಹಿಡಿದು ಪಾರಾಗಿರುತ್ತೀರಿ. ನಮ್ಮನೆಗೆ ಅವತ್ತು ಪೇಪರ್ ಬಂದಿರಲಿಲ್ಲ.

ಸರಸ್ವತೀಪುರಂನಲ್ಲಿರುವ ನಮ್ಮದು ಅಪ್ಪನ ಕಾಲದ ಮನೆ. ಉಜ್ಜಿ ಉಜ್ಜಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲ. ಹಾಲಿನಲ್ಲಿ ಅಪ್ಪನ ಬೆತ್ತದ ಕುರ್ಚಿ, ಅದರ ಬೆನ್ನಿಗೆ ನನ್ನ ಒದ್ದೆ ಟವೆಲು, ಮೊಳೆಗೊಂದು ಕ್ಯಾಲೆಂಡರು. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ಮೊದಲು ಕೆನೆ ಬಣ್ಣದ್ದಾಗಿತ್ತಂತೆ. ಇಪ್ಪತ್ತು ವರ್ಷದ ಒಗ್ಗರಣೆ ಹೊಗೆ ಕುಡಿದು ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಅದರಿಂದ ನನಗೇನೂ ತೊಂದರೆಯಾಗಿರಲಿಲ್ಲ. ತಲೆ ಕೆಡಿಸಿದ್ದು ಅರಮನೆ.

ಮೈಸೂರಿನವರಿಗೆ ಅರಮನೆ ಅಂದರೆ ನೆಂಟರು ಬಂದಾಗ ಮಾತ್ರ ಒಳಗೆ ಹೋಗುವ ಕಟ್ಟಡ. ಹಿಂದಿನ ವಾರ ಹುಬ್ಬಳ್ಳಿಯ ನೆಂಟರ ನೆಪದಲ್ಲಿ ನಾನೂ ಹೋಗಿದ್ದೆ. ಕಲ್ಯಾಣ ಮಂಟಪದಲ್ಲಿ ಕತ್ತೆತ್ತಿ ನಿಂತವನಿಗೆ ಕೆಳಗಿಳಿಸಲು ಆಗಲಿಲ್ಲ. ಗ್ಲಾಸ್ಗೋದಿಂದ ತರಿಸಿದ ಎರಕದ ಕಂಬಗಳು, ಮೇಲೆ ಬಣ್ಣದ ಗಾಜಿನ ಚಾವಣಿ, ಚಾವಣಿ ತುಂಬ ನವಿಲು. ‘ನಮ್ಮ ಹಾಲಿಗೆ ಇಲ್ಲದಿರುವುದು ಇದೇ!’ ಎಂದು ನನಗೆ ಜ್ಞಾನೋದಯವಾಯಿತು. ಅದೇ ಜ್ಞಾನದ ಭರದಲ್ಲಿ ಎಲ್ಲರನ್ನೂ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಗೂ ಕರೆದೊಯ್ದೆ. ದೀಪ ಹಿಡಿದು, ಕುಡಿಗೆ ಕೈ ಅಡ್ಡ ಮಾಡಿ ನಿಂತ ಹೆಂಗಸಿನ ಚಿತ್ರದ ಮುಂದೆ ಕೈಕಟ್ಟಿ ನಿಂತು, ‘ರವಿವರ್ಮನ ಕುಂಚ ಅಂದ್ರೆ ಸುಮ್ನೇನಾ!’ ಎಂದು ಗಂಭೀರವಾಗಿ ಘೋಷಿಸಿದೆ. ನೆಂಟರ ಎಂಟು ವರ್ಷದ ಮಗು ಕೆಳಗಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿತು: ‘ಎಸ್. ಎಲ್. ಹಲ್ದಂಕರ್.’ ಅಲ್ಲಿದ್ದವರೆಲ್ಲ ಚಿತ್ರ ಬಿಟ್ಟು ನನ್ನನ್ನು ನೋಡಿದರು. ಕಲೆಯ ವಿಷಯದಲ್ಲಿ ನನ್ನ ಅಧಿಕಾರ ಎಷ್ಟೆಂದು ನಾನು ಅವತ್ತೇ ತಿಳಿದುಕೊಳ್ಳಬೇಕಿತ್ತು.

ತಿಳಿದುಕೊಳ್ಳಲಿಲ್ಲ. ‘ನವರಾತ್ರಿಗೆ ಗೊಂಬೆ ನೋಡೋಕೆ ಜನ ಬರ್ತಾರೆ. ಅಷ್ಟರೊಳಗೆ ಈ ಗೋಡೆಗೆ ನವಿಲಿನ ಬಣ್ಣ ಹೊಡೆದುಬಿಡ್ತೀನಿ’ ಎಂದು ಮನೆಯಲ್ಲಿ ಸಾರಿದೆ.

‘ಪೇಂಟರನ್ನ ಕರೆಸಿ ಅಂದ್ರೆ’ ಎಂದಳು ನನ್ನಾಕೆ.

‘ನಾನಿಲ್ವಾ?’

‘ಅದಕ್ಕೇ ಹೇಳಿದ್ದು.’

ಅಮ್ಮ ಬತ್ತಿ ಹೊಸೆಯುತ್ತಾ, ‘ಎಷ್ಟು ದಿನ ಹಿಡಿಯತ್ತೋ?’ ಎಂದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ ಮುಗಿದದ್ದು 1912ರಲ್ಲಿ, ಅಂದರೆ ಹದಿನೈದು ವರ್ಷ. ನಾನು ಧಾರಾಳವಾಗಿ ಮೂರು ದಿನ ಕೇಳಿದೆ.

ಮೊದಲನೇ ದಿನ ಬಣ್ಣದ ಆಯ್ಕೆ. ಶೇಡ್ ಕಾರ್ಡ್ ಎಂಬ ಮಾಯಾಜಾಲದೊಳಗೆ ನೀವೂ ಸಿಕ್ಕಿಬಿದ್ದಿರುತ್ತೀರಿ. ಉಗುರಿನಷ್ಟಗಲ ಇರುವಾಗ ಪ್ರತಿ ಬಣ್ಣವೂ ರಾಜಕುಮಾರಿ. ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಾರ್ಡನ್ನು ಬಿಸಿಲಿಗೆ, ನೆರಳಿಗೆ, ಕೊನೆಗೆ ನನ್ನ ಶರ್ಟಿಗೂ ಹಿಡಿದು ನೋಡಿ, ನವಿಲಿನ ಕತ್ತಿನ ನೀಲಿ ಹಸಿರನ್ನು ಆರಿಸಿದೆ. ‘ಗೋಡೆ ಮೇಲೆ ಸ್ವಲ್ಪ ಗಾಢವಾಗಿ ಕಾಣತ್ತೆ ಸಾರ್, ಎರಡು ಮನೆ ತಿಳಿ ತಗೊಳ್ಳಿ’ ಎಂದು ಅಂಗಡಿಯಾತ ಹೇಳಿದ್ದ. ನವಿಲು ಯಾರನ್ನು ಕೇಳಿ ಬಣ್ಣ ಹಚ್ಚಿಕೊಂಡಿತು ಎಂದು ನಾನು ಕೇಳಲಿಲ್ಲ. ಸಂಜೆ ಮೊದಲ ಕೋಟು ಒಣಗಿದ ಮೇಲೆ ನೋಡಿದರೆ ನವಿಲು ಎಲ್ಲೋ ಹಾರಿಹೋಗಿತ್ತು. ಗೋಡೆಯ ಮೇಲಿದ್ದದ್ದು ವರ್ಷಾನುಗಟ್ಟಲೆ ಯಾರೂ ಇಳಿಯದ ಕಲ್ಯಾಣಿಯ ಪಾಚಿ. ಅದರ ಮುಂದೆ ಬೆತ್ತದ ಕುರ್ಚಿಯಲ್ಲಿ ಕೂತ ಅಮ್ಮ ಕಲ್ಯಾಣಿ ಕಟ್ಟೆಯ ಮೇಲೆ ಜಪಕ್ಕೆ ಕೂತವರಂತೆ ಕಂಡರು.

ಎರಡನೇ ಕೋಟಿಗೆ ಎಲ್ಲ ಸರಿಹೋದೀತು ಎಂದು ಮಾರನೇ ದಿನ ಮತ್ತೆ ಏಣಿ ಹತ್ತಿದೆ. ಏಣಿಯ ಮೇಲೆ ನಿಂತವನು ಮಾಡಬಾರದ್ದು ಒಂದೇ, ತನ್ನ ಕೆಲಸ ನೋಡಿ ಮೆಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯುವುದು. ಸರಿದೆ. ಹಿಂದೆ ಏಣಿ ಇರಲಿಲ್ಲ, ಬಕೆಟ್ ಇತ್ತು. ಬಿದ್ದ ಸದ್ದಿಗೆ ಅಡುಗೆಮನೆಯಿಂದ ‘ಏನ್ರೀ ಅದು?’ ಎಂಬ ಪ್ರಶ್ನೆ, ‘ಏನಿಲ್ಲ’ ಎಂಬ ನನ್ನ ಉತ್ತರ. ಗಂಡಸಾದವನು ಸೊಂಟ ಮುರಿದರೂ ಹೇಳುವ ಉತ್ತರ ಅದೇ ತಾನೇ? ಸಾಕ್ಷ್ಯ ನಾಶ ಮಾಡಲು ಒರೆಸುವ ಬಟ್ಟೆಗಾಗಿ ಹಾಲು, ನಡುಮನೆ, ದೇವರಮನೆ ದಾಟಿ ಹಿತ್ತಲವರೆಗೆ ಓಡಿದೆ. ತಿರುಗಿ ನೋಡಿದರೆ ಅಪ್ಪ ಜೋಪಾನ ಮಾಡಿದ ಕೆಂಪು ನೆಲದ ಮೇಲೆ ಉದ್ದಕ್ಕೂ ನೀಲಿ ಹಸಿರು ಪಾದಗಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಕೃಷ್ಣಾಷ್ಟಮಿ ಕಳೆದು ತಿಂಗಳ ಮೇಲಾಯ್ತಲ್ಲೋ. ಈಗ ಬಂದಿದಾನೆ ನೋಡು ಕೃಷ್ಣ, ಹತ್ತನೇ ನಂಬರ್ ಚಪ್ಪಲಿ ಅಳತೆಯವನು!’ ಎಂದರು.

ನೆಲ ಹೇಗೋ ಶುದ್ಧವಾಯಿತು, ಕೈ ಆಗಲಿಲ್ಲ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮೂರಿನಲ್ಲೇ, 1937ರಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಮೈಸೂರಿಗ ಎಂದು ಅದರ ಬಗ್ಗೆ ನನಗೆ ಸದಾ ಹೆಮ್ಮೆ. ಈಗ ಆ ಹೆಮ್ಮೆ ಹತ್ತೂ ಬೆರಳಿಗೆ ಅಂಟಿಕೊಂಡಿತ್ತು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಹುಣಸೆಹಣ್ಣು, ಪಾತ್ರೆ ತಿಕ್ಕುವ ನಾರು ಯಾವುದಕ್ಕೂ ಜಗ್ಗಲಿಲ್ಲ. ಒಂದೇ ದಿನ ಹತ್ತು ಕ್ಷೇತ್ರಗಳಲ್ಲಿ ಮತ ಹಾಕಿ ಸಿಕ್ಕಿಬಿದ್ದವನಂತೆ ವಾರವಿಡೀ ಕೈ ಜೇಬಿನೊಳಗಿಟ್ಟು ಆಫೀಸಿಗೆ ಹೋದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೋಡೆ ಹೊಸದಾದರೆ ಕಿಟಕಿಯ ಪರದೆ ಹಳೆಯದಾಗಿ ಕಾಣುವುದು ಸಂಸಾರದ ನಿಯಮ. ದೇವರಾಜ ಅರಸು ರಸ್ತೆಯಲ್ಲಿ ಬಟ್ಟೆ ಕೊಂಡೆ, ಕಿಟಕಿ ಅಳೆದೆ, ಚೀಟಿಯಲ್ಲಿ 137 ಎಂದು ಬರೆದು ಟೈಲರಿಗೆ ಕೊಟ್ಟೆ. ‘137 ಇಂಚಾ ಸಾರ್? ಕಿಟಕಿಗೇನಾ?’ ಎಂದು ಆತ ಎರಡು ಸಲ ಫೋನ್ ಮಾಡಿ ಕೇಳಿದ. ‘ಬರೆದದ್ದನ್ನ ಹೊಲೀರಿ’ ಎಂದು ಗದರಿದೆ. ಟೇಪಿಗೆ ಎರಡು ಮುಖ ಇರುತ್ತದೆ, ಒಂದರಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು ಎಂಬುದು ಹನ್ನೊಂದೂವರೆ ಅಡಿಯ ಪರದೆ ಕಿಟಕಿಯಿಂದಿಳಿದು, ನೆಲದ ಮೇಲೆ ಹರಿದು, ಸೋಫಾದವರೆಗೆ ಬಂದು ನಿಂತಾಗ ಹೊಳೆಯಿತು. ಪೆಚ್ಚಾಗಿ ವಾಪಸು ಕೊಂಡೊಯ್ದೆ. ಈ ಸಲ ಇಂಚಿನ ಮುಖ ನೋಡಿಯೇ 54 ಎಂದು ಬರೆದೆ. ಆದರೆ ಹಿಂದಿನ ತಪ್ಪು ಮರುಕಳಿಸದಿರಲೆಂದು ಪಕ್ಕದಲ್ಲಿ ‘ಸೆಂಟಿಮೀಟರ್’ ಎಂದು ಸ್ಪಷ್ಟವಾಗಿ ನಮೂದಿಸಿ ಅಡಿಗೆರೆಯನ್ನೂ ಎಳೆದಿದ್ದೆ. ಪಾಪ, ಟೈಲರ್ ಈ ಸಲ ಏನೂ ಕೇಳಲಿಲ್ಲ. ನಮ್ಮ ಕಿಟಕಿಗಳು ಚಡ್ಡಿ ತೊಟ್ಟು ನಿಂತವು.

ಅಷ್ಟರಲ್ಲಿ ನವರಾತ್ರಿ ಬಂತು. ಟ್ರಂಕು, ಹಲಗೆ, ನನ್ನ ಓದದ ಪುಸ್ತಕಗಳ ಕಟ್ಟು ಎಲ್ಲ ಸೇರಿ ಏಳು ಮೆಟ್ಟಿಲಾಯಿತು, ಮೇಲೆ ಬಿಳಿ ಪಂಚೆ ಹಾಸಿದ್ದಾಯಿತು. ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು ಹಳೇ ಸೀರೆಯ ಸುರುಳಿಯಿಂದ ಹೊರಬಂದವು. ಅಮ್ಮ, ನನ್ನಾಕೆ ಇಬ್ಬರೂ ದೇವರಾಜ ಮಾರುಕಟ್ಟೆಗೆ ಹೂವು ತರಲು ಹೋದ ಒಂದು ಗಂಟೆಯಲ್ಲಿ ನಾನು ‘ಡಿಸೈನ್’ ಮಾಡಿದೆ. ಗೊಂಬೆಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿದೆ. ಹಳದಿ ಸೀರೆಯ ರಾಣಿ ಎಡತುದಿಗೆ ಬಂದಳು, ಕೆಂಪು ನಿಲುವಂಗಿಯ ರಾಜ ಬಲತುದಿಗೆ ಹೋದ. ಅಂಗಡಿ ಇಟ್ಟುಕೊಂಡು ಕೂರಬೇಕಾದ ಶೆಟ್ಟರು ದಶಾವತಾರದ ನಡುವೆ ವರಾಹನ ಪಕ್ಕ ಕೂತರು. ಹೂವಿನ ಬುಟ್ಟಿ ಹಿಡಿದೇ ಅಮ್ಮ ಬಾಗಿಲಲ್ಲಿ ನಿಂತುಬಿಟ್ಟರು. ‘ಅರವತ್ತು ವರ್ಷದಿಂದ ಜೊತೆಗಿದ್ರಲ್ಲೋ. ಒಂದು ಗಂಟೇಲಿ ಡೈವರ್ಸ್ ಕೊಡಿಸಿಬಿಟ್ಯಾ?’

ರಾಜ ರಾಣಿ ಮತ್ತೆ ಒಂದಾದರು. ನನ್ನ ಕಲಾಸೇವೆಗೆ ಉಳಿದದ್ದು ಗಜಲಕ್ಷ್ಮಿಯ ಒಂದು ಚಿತ್ರ ಮಾತ್ರ. ಮೈಸೂರು ಶೈಲಿಯದು, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಕಲೆ. ತಂಜಾವೂರಿನದರಷ್ಟು ಉಬ್ಬಿಲ್ಲ, ತೆಳುವಾದ ಉಬ್ಬುಗೆಲಸದ ಮೇಲೆ ಚಿನ್ನದ ರೇಕು, ಕೂದಲೆಳೆಯಂಥ ಗೆರೆ. ಇಷ್ಟು ನವಿರಾದ ಕೆಲಸವನ್ನು ಗೋಡೆಗೇರಿಸಲು ಪಕ್ಕದ ಮನೆಯಿಂದ ನಾನು ತಂದದ್ದು ಬಾವಿ ತೋಡಲೂ ಸಾಲುವಂಥ ಡ್ರಿಲ್ಲಿಂಗ್ ಮಷೀನು. ಅವತ್ತು ಸಂಜೆ ಏಳಕ್ಕೆ ಬೀದಿಯವರೆಲ್ಲ ಗೊಂಬೆ ನೋಡಲು ಬರುವವರಿದ್ದರು. ಐದೂವರೆಗೆ ನಾನು ಗುಂಡಿ ಒತ್ತಿದೆ.

ಹಳೇ ಗೋಡೆ, ಬೆಣ್ಣೆಯ ಹಾಗೆ ದಾರಿ ಕೊಟ್ಟಿತು. ಎಷ್ಟು ಉದಾರವಾಗಿ ಅಂದರೆ ಡ್ರಿಲ್ಲಿನ ಮೂತಿ ಪೂರ್ತಿ ಒಳಗೆ ಹೋದರೂ ತಡೆಯೇ ಇಲ್ಲ. ಅದರ ನಡುಕಕ್ಕೆ ಮೆಟ್ಟಿಲ ಮೇಲಿನ ಗೊಂಬೆಗಳೆಲ್ಲ ಮೆಲ್ಲಗೆ ತಿರುಗತೊಡಗಿದವು. ಶೆಟ್ಟರಂತೂ ‘ನಾನೇನೂ ನೋಡಿಲ್ಲಪ್ಪ’ ಅನ್ನುವಂತೆ ನನಗೆ ಬೆನ್ನು ಮಾಡಿ ಕೂತರು. ಆಗಲೇ ಗೋಡೆಯಾಚೆಯಿಂದ ಕಿರುಚಾಟ. ಓಡಿ ಹೋದರೆ ಅಡುಗೆಮನೆಯ ಗೋಡೆಯಿಂದ ನನ್ನ ಡ್ರಿಲ್ಲಿನ ಮೂತಿ ಒಂದಿಂಚು ಹೊರಗೆ ಇಣುಕಿತ್ತು, ಅದರ ಕೆಳಗೆ ಮುಚ್ಚಳ ತೆಗೆದಿಟ್ಟ ಕಾಫಿ ಫಿಲ್ಟರು, ಡಿಕಾಕ್ಷನ್ ಮೇಲೆ ಒಂದು ಬೆರಳು ದಪ್ಪ ಗಾರೆಪುಡಿ. ಆ ಕ್ಷಣ ನನ್ನಾಕೆ ಏನಾದರೂ ಬೈದಿದ್ದರೆ ನನಗೆಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಸುಮ್ಮನೆ ಫಿಲ್ಟರನ್ನು ಎತ್ತಿ ನನ್ನ ಕೈಗಿಟ್ಟಳು.

ಮರ್ಯಾದಸ್ಥರು ಅಲ್ಲಿಗೆ ಮಷೀನು ವಾಪಸು ಕೊಟ್ಟುಬರುತ್ತಾರೆ. ನಾನು ಒಂದು ಗೇಣು ಮೇಲಕ್ಕೆ, ಸ್ವಿಚ್‌ಬೋರ್ಡಿನ ನೇರಕ್ಕೆ ಎರಡನೇ ತೂತು ಹಾಕಿದೆ. ಸ್ವಿಚ್‌ಬೋರ್ಡಿಗೆ ಕರೆಂಟು ಆಕಾಶದಿಂದ ಬರುವುದಿಲ್ಲ, ಗೋಡೆಯೊಳಗೆ ಅದೇ ನೇರದಲ್ಲಿ ವೈರು ಇಳಿದಿರುತ್ತದೆ ಎಂದು ನಿಮಗೆ ಗೊತ್ತು. ನನಗೆ ಗೊತ್ತಾದದ್ದು ‘ಢಬ್’ ಎಂಬ ಸದ್ದು, ಒಂದು ನೀಲಿ ಕಿಡಿ, ಸುಟ್ಟ ರಬ್ಬರಿನ ವಾಸನೆ ಇವು ಮೂರರಿಂದ. ಹೆದರಿ ನಾನು ಏಣಿಯಿಂದ ಜಾರಿ ಕೂತದ್ದು ಅದೇ ಬಣ್ಣದ ಬಕೆಟ್ಟಿನ ಮೇಲೆ. ಮನೆಯಿಡೀ ಕತ್ತಲು. ಫೋನ್ ಮಾಡಿದ ಎಲೆಕ್ಟ್ರಿಷಿಯನ್ನುಗಳೆಲ್ಲ ದಸರಾ ಕೆಲಸದಲ್ಲಿ ಮುಳುಗಿದ್ದರು. ‘ನಾಳೆ ನೋಡೋಣ ಸಾರ್.’ ಸರಿಯಾಗಿ ಏಳು ಗಂಟೆಗೆ ಮೂರು ಕಿಲೋಮೀಟರ್ ಆಚೆ ಅರಮನೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಂಡವು. ರಸ್ತೆಗಳು, ವೃತ್ತಗಳು, ಮರಗಿಡಗಳು ಕೂಡ ಝಗಝಗ. ಅವತ್ತು ಇಡೀ ಮೈಸೂರಿನಲ್ಲಿ ಒಂದು ಬಲ್ಬಿಗೂ ಗತಿಯಿಲ್ಲದ ಮನೆ ನಮ್ಮದೊಂದೇ ಇದ್ದೀತು.

ಗೇಟಿನಲ್ಲಿ ಮಕ್ಕಳ ಗುಂಪು ಕೂಗಿತು: ‘ಆಂಟೀ, ಗೊಂಬೆ ಕೂರಿಸಿದ್ದೀರಾ?’

ನಡುಮನೆಯಿಂದ ನನ್ನಾಕೆ ದೀಪ ಹಿಡಿದು, ಗಾಳಿಗೆ ಆರದಂತೆ ಕೈ ಅಡ್ಡ ಮಾಡಿಕೊಂಡು ಬಂದಳು. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುತ್ತಿತ್ತು. ನಾನು ಬಕೆಟ್ಟಿನ ಮೇಲೆ ಕೂತಲ್ಲೇ ಬೆರಗಾಗಿ, ‘ಥೇಟ್ ಹಲ್ದಂಕರ್!’ ಎಂದೆ. ಈ ಸಲ ಹೆಸರು ಸರಿಯಾಗಿಯೇ ಹೇಳಿದ್ದೆ. ಆದರೆ ಆ ಚಿತ್ರದ ಇಂಗ್ಲಿಷ್ ಹೆಸರು ‘ಗ್ಲೋ ಆಫ್ ಹೋಪ್’. ಇವಳ ಮುಖದ ಮೇಲಿದ್ದ ಕಾಂತಿಯಲ್ಲಿ ನನ್ನ ಬಗ್ಗೆ ಅಂಥ ಆಶೆಯೇನೂ ಕಾಣಲಿಲ್ಲ.

ಅಮ್ಮ ಇದ್ದಬದ್ದ ದೀಪಗಳನ್ನೆಲ್ಲ ಹಚ್ಚಿ ಮೆಟ್ಟಿಲ ಅಕ್ಕಪಕ್ಕ ಇಟ್ಟರು. ಬಂದವರು ಬಾಗಿಲಲ್ಲೇ ಮಾತು ನಿಲ್ಲಿಸಿದರು. ಎಣ್ಣೆ ದೀಪದ ಬೆಳಕು ಅಲುಗಿದಾಗ ರಾಜನ ಮೀಸೆ, ರಾಣಿಯ ಮೂಗುತಿ ಅಲುಗಿದ ಹಾಗಿತ್ತು. ಪಾಚಿ ಬಣ್ಣದ ಗೋಡೆ ಕತ್ತಲಲ್ಲಿ ಕರಗಿತ್ತು. ಚಡ್ಡಿ ತೊಟ್ಟ ಕಿಟಕಿ, ಎರಡು ತೂತು, ನೆಲದ ಸಂದಿಯಲ್ಲಿ ಉಳಿದ ಅರ್ಧ ಪಾದ ಯಾವುದೂ ಕಾಣುತ್ತಿರಲಿಲ್ಲ. ‘ಹಳೇ ಕಾಲದ ಹಾಗೇ ದೀಪದಲ್ಲಿ ಗೊಂಬೆ! ಎಂಥಾ ಅಭಿರುಚಿ ರೀ! ಯಾರ ಐಡಿಯಾ ಇದು?’ ಎಂದರು ಎದುರುಮನೆಯವರು. ‘ಏನೋ, ಸುಮಾರಾಗಿ ಮಾಡಿದೀನಿ’ ಎಂದು ನಾನು ವಿನಯದಿಂದ ಬಾಗಿದೆ. ಎದ್ದು ನಿಂತು ಬಾಗುವ ಹಾಗಿರಲಿಲ್ಲ, ಪಂಚೆಯ ಹಿಂಭಾಗ ಬಕೆಟ್ಟಿಗೆ ಅಂಟಿತ್ತು. ಉಸ್ಲಿ ತಿಂದು ಎಲ್ಲರೂ ಹೋಗುವವರೆಗೂ ನಾನು ಕೂತಲ್ಲಿಂದಲೇ ಆತಿಥ್ಯ ಮಾಡಿದೆ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ವೈರು ಸರಿಮಾಡಿ, ಮೇಲಿನ ತೂತಿಗೆ ಸಿಮೆಂಟು ಮೆತ್ತಿದ. ಕೆಳಗಿನದಕ್ಕೂ ಮೆತ್ತಲು ಹೋದವನನ್ನು ನಾನೇ ತಡೆದೆ. ಬೆಳಿಗ್ಗೆ ಬೆತ್ತದ ಕುರ್ಚಿಯಲ್ಲಿ ಕೂತಾಗ ಆ ತೂತಿನಿಂದ ಮೊದಲು ಡಿಕಾಕ್ಷನ್ ವಾಸನೆ, ಆಮೇಲೆ ಇಂಗಿನ ಒಗ್ಗರಣೆ ನೇರ ಮೂಗಿಗೇ ಬರುತ್ತದೆ. ಇಂಥದ್ದು ಯಾವ ಅರಮನೆಯಲ್ಲಿದೆ ಹೇಳಿ! ಗಜಲಕ್ಷ್ಮಿಯನ್ನು ಹಳೇ ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿದ್ದೇವೆ, ಚೆನ್ನಾಗಿಯೇ ಇದ್ದಾಳೆ. ಮೊನ್ನೆ ಭಾನುವಾರ ಎರಡನೇ ಕಾಫಿ ಮುಗಿಯಿತು. ಧೈರ್ಯ ಮಾಡಿ ತೂತಿಗೆ ಬಾಯಿಟ್ಟು, ‘ಇನ್ನೊಂದು ಲೋಟ ಸಿಗತ್ತಾ?’ ಎಂದೆ.

ಆಚೆಯಿಂದ ಉತ್ತರವೇನೂ ಬರಲಿಲ್ಲ. ತೂತಿನಿಂದ ಸುರುಳಿ ಸುತ್ತಿದ ಅವತ್ತಿನ ಪೇಪರ್ ಮೆಲ್ಲಗೆ ಹೊರಗೆ ಬಂತು.